ಒಂದೇ ಕುಜ: ಆಟದಲ್ಲಿ, ರಾಗದಲ್ಲಿ, ಜಾತಕದಲ್ಲಿ

ಮಾಯಾಲೋಕದ ಕಥೆಗಳನ್ನು ಆಧರಿಸಿದ ಕಂಪ್ಯೂಟರ್ ಆಟಗಳ ಬಗೆಗೆ ಹಿರಿಯರಲ್ಲಿ ಒಂದು ಬಗೆಯ ಭೀತಿ ಮನೆಮಾಡಿದೆ. ಅವುಗಳಲ್ಲಿ ಮಾಟವಿದೆ, ಮಂತ್ರವಿದೆ, ಪಿಶಾಚಿಗಳಿವೆ, ರಾಶಿ-ನಕ್ಷತ್ರಗಳ ಶಕ್ತಿಯನ್ನು ಪಡೆಯುವ ವಿಧಾನಗಳಿವೆ. ಇವನ್ನಾಡುವ ಮಕ್ಕಳ ಬುದ್ಧಿ ಭ್ರಮಿಸದೆ ಉಳಿದೀತೇ ಎಂಬುದು ಅವರ ಆತಂಕ. ಆತಂಕ ಸಹಜವೇ. ಆದರೆ ಹೀಗೆ ಆತಂಕಪಡುವ ಹಿರಿಯರ ಜೇಬಿನಲ್ಲಿ ಎಷ್ಟೋ ವೇಳೆ ಮಡಿಸಿಟ್ಟ ಎರಡು ಕಾಗದಗಳಿರುತ್ತವೆ: ಒಂದು ಗಂಡಿನ ಜಾತಕ, ಇನ್ನೊಂದು ಹೆಣ್ಣಿನ ಜಾತಕ. ಮೊಮ್ಮಗನ ಆಟದೊಳಗಿನ ನಕ್ಷತ್ರ ಮೌಢ್ಯ, ತಮ್ಮ ಜೇಬಿನೊಳಗಿನ ನಕ್ಷತ್ರ ಶಾಸ್ತ್ರ ಎಂಬ ಈ ನಂಬುಗೆ ಎಲ್ಲಿಂದ ಬಂದಿತು? ಸದ್ಭಕ್ತರು ಇದನ್ನು ಕೊಂಚ ನಿಧಾನವಾಗಿ ವಿಚಾರಿಸಬೇಕಾಗಿದೆ.

ಇಂಥದೇ ಪ್ರಸಂಗವೊಂದು ಅಮೆರಿಕದಲ್ಲಿ ಹಿಂದೆಯೇ ನಡೆದುಹೋಗಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲು, ಹಲವು ಮುಖಗಳ ದಾಳಗಳು, ಇಷ್ಟೇ ಅದರ ಸಲಕರಣೆ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬ ಮಾಂತ್ರಿಕನಾಗಿ, ಮತ್ತೊಬ್ಬ ಯೋಧನಾಗಿ, ಬಾಯಿಮಾತಿನಲ್ಲಿಯೇ ಕಥೆ ಕಟ್ಟುತ್ತ ಆಡುವ ಆಟವದು. ಇಂದಿನ ಮಾಯಾಲೋಕದ ಕಂಪ್ಯೂಟರ್ ಆಟಗಳ ಬೇರು ಬಹುಮಟ್ಟಿಗೆ ಇದರಲ್ಲಿಯೇ ಇದೆ. 1980ರ ದಶಕದಲ್ಲಿ ಈ ಆಟ ಸೈತಾನನ ಆರಾಧನೆಗೆ ಹೆಬ್ಬಾಗಿಲೆಂಬ ಪ್ರಚಾರ ಆ ದೇಶದಲ್ಲೆಲ್ಲ ಹಬ್ಬಿತು. 1985ರಲ್ಲಿ ‘60 ಮಿನಿಟ್ಸ್’ ಎಂಬ ಹೆಸರಾಂತ ದೂರದರ್ಶನ ಕಾರ್ಯಕ್ರಮವೂ ಈ ಆರೋಪಗಳನ್ನು ಚರ್ಚೆಗೆ ತೆಗೆದುಕೊಂಡಿತು. ಪ್ರಕಾಶಕರು ಅಂಜಿ, 1989ರ ಎರಡನೆಯ ಆವೃತ್ತಿಯಿಂದ ಪಿಶಾಚಿ, ಸೈತಾನ ಎಂಬರ್ಥದ ಹೆಸರುಗಳನ್ನೇ ಕಿತ್ತುಹಾಕಿದರು.

ಅದೇ ದಶಕದಲ್ಲಿ, ಅದೇ ದೇಶದಲ್ಲಿ ಇನ್ನೊಂದು ಸಂಗತಿ ಗುಟ್ಟಾಗಿ ನಡೆಯುತ್ತಿತ್ತು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಪಯಣ, ಭಾಷಣ, ಪತ್ರಿಕಾಗೋಷ್ಠಿಗಳ ಹೊತ್ತನ್ನು ಅವರ ಪತ್ನಿ ಸ್ಯಾನ್ ಫ್ರಾನ್ಸಿಸ್ಕೋದ ಜೋನ್ ಕ್ವಿಗ್ಲಿ ಎಂಬ ಜ್ಯೋತಿಷಿಯನ್ನು ದೂರವಾಣಿಯಲ್ಲಿ ವಿಚಾರಿಸಿ ಗೊತ್ತುಪಡಿಸುತ್ತಿದ್ದರೆಂಬುದು 1988ರಲ್ಲಿ ಶ್ವೇತಭವನದ ಹಿಂದಿನ ಅಧಿಕಾರಿಯೊಬ್ಬರ ಆತ್ಮಕಥನದಿಂದ ಬಯಲಾಯಿತು. ದಾಳ ಉರುಳಿಸುತ್ತಿದ್ದ ಮಕ್ಕಳು ತಾವು ಆಡುತ್ತಿರುವುದು ಆಟವೆಂದು ಬಲ್ಲವರಾಗಿದ್ದರು. ಶ್ವೇತಭವನದಲ್ಲಿ ನಡೆಯುತ್ತಿದ್ದುದು ಆಟವೆಂದು ಹೇಳುವವರು ಯಾರೂ ಇರಲಿಲ್ಲ.

ಆಟ, ಸಂಗೀತ, ಜ್ಯೋತಿಷ್ಯ ಈ ಮೂರಕ್ಕೂ ಒಂದೇ ತಾಯಿಬೇರಿದೆ ಎಂಬುದನ್ನು ಮೊದಲು ಮನಗಾಣಬೇಕು. ಆ ಬೇರು ಪ್ರಾಚೀನ ಗ್ರೀಸಿನದು. ಒಂದೇ ಬಿಗಿತದ ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲಿಗೆ ಒತ್ತಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲಿಗೆ ಒತ್ತಿದರೆ ಮಧ್ಯಮ. ಈ ಪ್ರಮಾಣಗಳನ್ನು ಕಂಡವರು ಪೈಥಾಗರಸನ ಪಂಥದವರು. ಕಿವಿಗೆ ಇಂಪಾದುದರ ಒಳಗೆ ಸಂಖ್ಯೆ ಅಡಗಿದೆ ಎಂದು ಕಂಡ ಬೆರಗು ಸಾಮಾನ್ಯವಾದುದಲ್ಲ. ಆ ಬೆರಗಿನಲ್ಲಿಯೇ ಅವರು ಒಂದು ಹೆಜ್ಜೆ ಮುಂದಿಟ್ಟು, ಆಕಾಶದಲ್ಲಿ ಸುತ್ತುವ ಗ್ರಹಗಳೂ ಇಂಥ ಪ್ರಮಾಣಗಳಲ್ಲಿಯೇ ಸುತ್ತುತ್ತ ನಾದಗೈಯುತ್ತವೆ ಎಂದರು. ಹಾಗಾದರೆ ಆ ನಾದ ನಮಗೇಕೆ ಕೇಳಿಸದು? ಹುಟ್ಟಿದಂದಿನಿಂದ ಕೇಳುತ್ತಲೇ ಇರುವುದರಿಂದ ಗೊತ್ತಾಗದು, ಕಂಚುಗಾರನಿಗೆ ತನ್ನ ಸುತ್ತಿಗೆಯ ಸದ್ದು ಗೊತ್ತಾಗದಂತೆ ಎಂಬುದು ಅವರ ಉತ್ತರ. ಅರಿಸ್ಟಾಟಲ್ ಇದನ್ನು ಅಲ್ಲಿಯೇ ಅಲ್ಲಗಳೆದನು. ಗುಡುಗಿನ ಸದ್ದೇ ಬಂಡೆಯನ್ನು ಸೀಳುವುದಾದರೆ, ಅಷ್ಟು ಅಗಾಧವಾದ ಕಾಯಗಳ ಸದ್ದು ಭೂಮಿಯಲ್ಲಿ ಏನನ್ನು ಉಳಿಸೀತು ಎಂಬುದು ಅವನ ಪ್ರಶ್ನೆ. ಕಲ್ಪನೆ ಸುಂದರ, ಆದರೆ ನಿಜವಲ್ಲ ಎಂಬ ವಿವೇಕ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಇದ್ದಿತೆಂಬುದು ಗಮನಾರ್ಹ.

ಮುಂದೆ ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಎಂಬ ಒಬ್ಬನೇ ವಿದ್ವಾಂಸನು ಖಗೋಳದ ಗ್ರಂಥವನ್ನೂ ಸಂಗೀತದ ಗ್ರಂಥವನ್ನೂ ಫಲಜ್ಯೋತಿಷದ ಗ್ರಂಥವನ್ನೂ ಬರೆದನು. ಮೂರೂ ಒಂದೇ ಲೇಖನಿಯಿಂದ ಹೊರಟವು.

ಈ ಬೇರು ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನವರೆಗೂ ಹಬ್ಬಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ: ಇದು ಪ್ರಾಚೀನರು ನಂಬಿದ್ದ, ದೂರದಿಂದ ಹತ್ತಿರಕ್ಕೆ ಬರುವ ಗ್ರಹಗಳ ಕ್ರಮ. ಶನಿಯಿಂದ ಎಣಿಸಿ ನಾಲ್ಕನೆಯವನು ರವಿ. ರವಿಯಿಂದ ನಾಲ್ಕನೆಯವನು ಚಂದ್ರ. ಚಂದ್ರನಿಂದ ಮತ್ತೆ ಮೊದಲಿಗೆ ಬಂದು ಎಣಿಸಿದರೆ ನಾಲ್ಕನೆಯವನು ಕುಜ. ಶನಿವಾರ, ರವಿವಾರ, ಸೋಮವಾರ, ಮಂಗಳವಾರ. ಈ ನಾಲ್ಕರ ಲೆಕ್ಕಕ್ಕೆ 3ನೆಯ ಶತಮಾನದ ಆರಂಭದ ರೋಮನ್ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಎರಡು ವಿವರಣೆ ಕೊಡುತ್ತಾನೆ. ಒಂದು ಸಂಗೀತದ್ದು: ನಾಲ್ಕನೆಯ ಸ್ವರಕ್ಕೆ ನೆಗೆಯುವ ನಿಯಮ, ಎಂದರೆ ನಮ್ಮ ಷಡ್ಜ-ಮಧ್ಯಮದ ಅಂತರ. ಇನ್ನೊಂದು, ದಿನದ 24 ಹೋರೆಗಳನ್ನು ಸರದಿಯಂತೆ ಗ್ರಹಗಳಿಗೆ ಹಂಚುವ ಲೆಕ್ಕ. ಈ ಎರಡನೆಯ ಲೆಕ್ಕವೇ 499ರ ಆರ್ಯಭಟೀಯದಲ್ಲಿಯೂ ಇದೆ. ‘ಹೋರಾ’ ಎಂಬ ಪದವೇ ಗ್ರೀಕಿನದು. ಜಾತಕದ ‘ಕೇಂದ್ರ’, ‘ದ್ರೇಕ್ಕಾಣ’, ‘ಜಾಮಿತ್ರ’, ಕೋನ ಅಳೆಯುವ ‘ಲಿಪ್ತಾ’ ಇವೆಲ್ಲ ಗ್ರೀಕ್ ಪದಗಳ ತದ್ಭವಗಳು. ವರಾಹಮಿಹಿರನು ಇದನ್ನು ಮರೆಮಾಚಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರದಲ್ಲಿ ನೆಲೆನಿಂತವರಾದ್ದರಿಂದ ಋಷಿಗಳಂತೆ ಪೂಜ್ಯರೆಂಬ ಮಾತನ್ನು ಬೃಹತ್ಸಂಹಿತೆಯಲ್ಲಿ ದಾಖಲಿಸಿದ್ದಾನೆ. ವೇದಾಂಗ ಜ್ಯೋತಿಷದಲ್ಲಿ ಹನ್ನೆರಡು ರಾಶಿಗಳಿಲ್ಲ, ಹುಟ್ಟಿದ ಹೊತ್ತಿನ ಕುಂಡಲಿಯೂ ಇಲ್ಲ. ಇರುವುದು ಯಜ್ಞಕ್ಕೆ ಬೇಕಾದ ಕಾಲಗಣನೆ ಮಾತ್ರ. ಹೊರಗಿನಿಂದ ಬಂದುದು ಎಂಬ ಕಾರಣಕ್ಕೆ ಯಾವುದೂ ಸುಳ್ಳಾಗದು, ಅದು ಬೇರೆ ಮಾತು. ಆದರೆ ವಿದೇಶೀ ಆಟ ನಮ್ಮ ಮಕ್ಕಳನ್ನು ಕೆಡಿಸಿತೆಂದು ಹಲುಬುತ್ತ ಜಾತಕವನ್ನು ವೇದಮೂಲದ್ದೆಂದು ಎದೆತಟ್ಟಿಕೊಳ್ಳುವವರಿಗೆ ಈ ಪದಗಳೇ ಉತ್ತರ ಹೇಳುತ್ತವೆ. ರಾಹುಕಾಲವಂತೂ ವಾರವನ್ನು ನೋಡಿ ಹಗಲನ್ನು ಎಂಟು ಪಾಲು ಮಾಡಿದ ಲೆಕ್ಕ. ಆಕಾಶದಲ್ಲಿ ರಾಹುವೆಂಬ ಬಿಂದು ಎಲ್ಲಿದ್ದರೂ ಮಂಗಳವಾರ ಏಳನೆಯ ಪಾಲೇ!

ಗ್ರಹನಾದದ ಕನಸನ್ನು ಕೊನೆಯವರೆಗೂ ಬೆನ್ನಟ್ಟಿದವನು ಯೊಹಾನೆಸ್ ಕೆಪ್ಲರ್. ಅವನ ಬದುಕಿನಲ್ಲಿ ಕುಜನಿಗೆ ದೊಡ್ಡ ಪಾತ್ರವಿದೆ. ಟೈಕೋ ಬ್ರಾಹೆ ಬಿಟ್ಟುಹೋದ ಕುಜನ ವೀಕ್ಷಣೆಗಳಿಗೆ ವೃತ್ತಾಕಾರದ ಕಕ್ಷೆಯನ್ನು ಹೊಂದಿಸಲು ವರ್ಷಗಟ್ಟಲೆ ಹೆಣಗಿದನು. ಕಡೆಗೆ ಲೆಕ್ಕಕ್ಕೂ ವೀಕ್ಷಣೆಗೂ 8 ಕಲೆಗಳಷ್ಟು ವ್ಯತ್ಯಾಸ ಉಳಿಯಿತು. ಒಂದು ಅಂಶದ ಅರುವತ್ತನೆಯ ಒಂದು ಪಾಲು ಒಂದು ಕಲೆ, ಅಂಥ ಎಂಟು. ಪೂರ್ಣಚಂದ್ರನ ಅಗಲದ ಕಾಲುಭಾಗದಷ್ಟು. ಅಷ್ಟಕ್ಕಾಗಿ ಅವನು ಎರಡು ಸಾವಿರ ವರ್ಷಗಳ ಪೂಜ್ಯ ವೃತ್ತವನ್ನೇ ಕೈಬಿಟ್ಟು, 1609ರಲ್ಲಿ ಕುಜನ ಕಕ್ಷೆ ದೀರ್ಘವೃತ್ತವೆಂದು ಪ್ರಕಟಿಸಿದನು. ಹತ್ತು ವರ್ಷಗಳ ಬಳಿಕ, 1619ರಲ್ಲಿ, ‘ವಿಶ್ವದ ಸಾಮರಸ್ಯ’ ಎಂಬರ್ಥದ ತನ್ನ ಗ್ರಂಥದಲ್ಲಿ ಸೂರ್ಯನಿಂದ ಕಂಡಂತೆ ಒಂದೊಂದು ಗ್ರಹದ ಅತಿ ಮಂದ, ಅತಿ ಶೀಘ್ರ ಗತಿಗಳ ಪ್ರಮಾಣವನ್ನು ಸ್ವರಗಳಾಗಿ ಬರೆದನು. ಕುಜನಿಗೆ ಬಂದುದು 2ಕ್ಕೆ 3, ಷಡ್ಜ-ಪಂಚಮ. ಗ್ರಹದ ದೂರಕ್ಕೂ ಸುತ್ತುವ ಕಾಲಕ್ಕೂ ಇರುವ ನಿಯಮ ಮೊದಲು ಅಚ್ಚಾದುದೂ ಈ ಸಂಗೀತದ ಪುಸ್ತಕದಲ್ಲಿಯೇ.

ಕೆಪ್ಲರನು ಜಾತಕ ಬರೆಯುತ್ತಿರಲಿಲ್ಲವೇ ಎಂದು ಜ್ಯೋತಿಷಿಗಳು ಕೇಳುವುದುಂಟು. ಬರೆಯುತ್ತಿದ್ದನು, ಅದರಿಂದ ಹಣವೂ ಬರುತ್ತಿತ್ತು. ಆದರೆ ಹನ್ನೆರಡು ರಾಶಿಗಳ ವಿಭಾಗ ಮನುಷ್ಯಕಲ್ಪಿತವೆಂದು ಅವನು ತಳ್ಳಿಹಾಕಿದ್ದನು. ಗ್ರಹಗಳ ಪರಸ್ಪರ ಕೋನಗಳನ್ನಷ್ಟೇ ಸ್ವರಸಂವಾದದ ಹಾಗೆ ಕಂಡಿದ್ದನು. ಇನ್ನೂ ಒಂದು ಸಂಗತಿ ಇದೆ. 1615ರಲ್ಲಿ ಅವನ ವೃದ್ಧ ತಾಯಿಯ ಮೇಲೆ ಮಾಟಗಾತಿಯೆಂಬ ಆಪಾದನೆ ಬಂದಿತು. ಆಕೆ 14 ತಿಂಗಳು ಸರಪಳಿಯಲ್ಲಿದ್ದಳು. ಮಗನು ತನ್ನ ಕೆಲಸ ಬಿಟ್ಟು ಬಂದು, ಊರಿನವರ ಒಂದೊಂದು ದೂರಿಗೂ ಸಹಜವಾದ ಕಾರಣವನ್ನು ಎತ್ತಿ ತೋರಿಸುತ್ತ ವಾದ ಹೂಡಿದನು. 1621ರಲ್ಲಿ ಆಕೆ ಬಿಡುಗಡೆಯಾದಳು. ಕಾಯಿಲೆ, ಸಾವು, ಅಪಘಾತಗಳಿಗೆಲ್ಲ ಒಬ್ಬ ಹೆಂಗಸನ್ನು ಹೊಣೆಯಾಗಿಸುವುದು ಎಷ್ಟು ಸುಲಭವೆಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಇನ್ನು ಸಂಗೀತದ ಮಾತು. ಮುತ್ತುಸ್ವಾಮಿ ದೀಕ್ಷಿತರು ವಾರದ ಏಳು ದಿನಗಳ ಅಧಿಪತಿಗಳಾದ ಗ್ರಹಗಳ ಮೇಲೆ ಏಳು ಸೂಳಾದಿ ತಾಳಗಳಲ್ಲಿ ಏಳು ಕೃತಿಗಳನ್ನು ರಚಿಸಿದರು. ಅಂಗಾರಕನ ಕೃತಿ ಸುರಟಿ ರಾಗ, ರೂಪಕ ತಾಳ. ಮೇಷ-ವೃಶ್ಚಿಕಗಳಿಗೆ ಅವನು ಒಡೆಯನೆಂಬ ಜ್ಯೋತಿಷ್ಯದ ವಿವರವೂ ಅದರಲ್ಲಿದೆ. ಅದಾದ ಸುಮಾರು ನೂರು ವರ್ಷಗಳ ಬಳಿಕ ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ 1914ರಿಂದ 1917ರವರೆಗೆ ‘ದಿ ಪ್ಲಾನೆಟ್ಸ್’ ಎಂಬ ವಾದ್ಯಕೃತಿಯನ್ನು ರಚಿಸಿದನು. ಈತ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಸ್ವರ ಕೂಡಿಸಿದವನು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಗೇಯನಾಟಕವಾಗಿಸಿದವನು. ಅಲನ್ ಲಿಯೊ ಎಂಬ ಜ್ಯೋತಿಷಿಯ ಪುಸ್ತಕಗಳನ್ನು ಓದಿ ಸ್ನೇಹಿತರ ಜಾತಕ ಬರೆಯುವ ಹವ್ಯಾಸವೂ ಅವನಿಗಿತ್ತು. ಅವನ ಕೃತಿಯಲ್ಲಿ ಮೊದಲು ಬರುವವನು ಕುಜನೇ, ಯುದ್ಧವನ್ನು ತರುವವನು. ಐದು ಎಣಿಕೆಯ ಆ ಕಠೋರ ನಡೆ ಕೇಳಿದವರ ಎದೆಯಲ್ಲಿ ಬಹುಕಾಲ ನಿಲ್ಲುತ್ತದೆ. ಕಡೆಯದಾದ ನೆಪ್ಚೂನ್ ಭಾಗದಲ್ಲಿ ಸ್ತ್ರೀಯರ ಮೇಳ ಪಕ್ಕದ ಕೋಣೆಯಲ್ಲಿ ನಿಂತು ಹಾಡುತ್ತದೆ. ಆ ಕೋಣೆಯ ಬಾಗಿಲನ್ನು ಮೆಲ್ಲಮೆಲ್ಲನೆ ಮುಚ್ಚುತ್ತಾರೆ. ದನಿ ಎಲ್ಲಿ ಮುಗಿಯಿತೆಂದು ತಿಳಿಯುವುದೇ ಇಲ್ಲ. ಅತ್ತ ಅಲನ್ ಲಿಯೊ ಭವಿಷ್ಯ ಹೇಳಿ ಹಣ ಪಡೆದ ಆರೋಪದ ಮೇಲೆ 1917ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ದಂಡ ತೆತ್ತನು. ಒಂದೇ ವಿದ್ಯೆ ಒಬ್ಬನ ಕೈಯಲ್ಲಿ ನಾದವಾಯಿತು, ಇನ್ನೊಬ್ಬನ ಕೈಯಲ್ಲಿ ಮೊಕದ್ದಮೆಯಾಯಿತು. ಸುರಟಿ ರಾಗದ ಅಂಗಾರಕನನ್ನು ಕೇಳಿ ಯಾರ ಮದುವೆಯೂ ಮುರಿದಿಲ್ಲ.

ಆಟಗಳತ್ತ ಬರೋಣ. ಹಿರಿಯರು ಅಂಜುವ ರಾಶಿ-ನಕ್ಷತ್ರಗಳು ಅಲ್ಲಿ ಇರುವುದು ನಿಜ. 1997ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಎಂಬ ಜಪಾನಿನ ಆಟದಲ್ಲಿ ಆಡುವವನು ಮೊದಲಿಗೆ ಜನ್ಮದಿನ ನಮೂದಿಸಬೇಕು. ಇಬ್ಬರ ರಾಶಿಗಳ ಮೈತ್ರಿ-ವೈರಗಳು ಏಟಿನ ಬಲವನ್ನು ಏರಿಳಿಸುತ್ತವೆ. ನಮ್ಮ ಕೂಟ ನೋಡುವ ಕ್ರಮದ ತಂಗಿಯೇ ಸರಿ. 1998ರ ‘ಜೆಲ್ಡಾ’ ಸರಣಿಯ ಆಟವೊಂದರಲ್ಲಿ ಕಥಾನಾಯಕನು ಕೊಳಲಿನಂಥ ವಾದ್ಯದಲ್ಲಿ ಒಂದು ರಾಗ ನುಡಿಸಿದರೆ ಹಗಲು ರಾತ್ರಿಯಾಗುತ್ತದೆ, ಇನ್ನೊಂದು ನುಡಿಸಿದರೆ ಮಳೆ ಸುರಿಯುತ್ತದೆ. ತಾನಸೇನನ ಕಥೆಯನ್ನು ಮೆಚ್ಚುವವರು ಇದನ್ನೇಕೆ ಮಾಟವೆನ್ನಬೇಕೋ ತಿಳಿಯದು. 2014ರ ‘ಡೆಸ್ಟಿನಿ’ ಎಂಬ ಆಟಕ್ಕೆಂದು ಮಾರ್ಟಿನ್ ಓಡಾನೆಲ್ ಮೊದಲಾದವರು ಎಂಟು ಭಾಗಗಳ ಸಂಗೀತವನ್ನು ರಚಿಸಿದರು. ಪಾಲ್ ಮೆಕಾರ್ಟ್ನಿಯೂ ಅದರಲ್ಲಿ ಕೈಗೂಡಿಸಿದ್ದರು. 2018ರಲ್ಲಿ ಬಿಡುಗಡೆಯಾದ ಅದರ ಹೆಸರೇ ‘ಮ್ಯೂಸಿಕ್ ಆಫ್ ದ ಸ್ಫಿಯರ್ಸ್’, ಪೈಥಾಗರಸನ ಅದೇ ಗ್ರಹಗೋಳಗಳ ನಾದ. ಆ ಆಟದಲ್ಲಿ ಕುಜನು ಮರಳಿನಲ್ಲಿ ಹೂತುಹೋದ ನಗರಗಳ ಒಂದು ನೆಲ.

ಇವುಗಳಲ್ಲೆಲ್ಲ ಹೆಚ್ಚು ವಿಚಾರಣೀಯವಾದುದು ‘ಎಲ್ಡರ್ ಸ್ಕ್ರೋಲ್ಸ್’ ಎಂಬ ಸರಣಿ. 2002ರ ‘ಮೊರೊವಿಂಡ್’ನಲ್ಲಿ 13 ಜನ್ಮರಾಶಿಗಳಿದ್ದವು. ಒಂದು ರಾಶಿ ಮಂತ್ರಶಕ್ತಿಯನ್ನು ಹೆಚ್ಚಿಸುತ್ತದೆ, ಆದರೆ ಖರ್ಚಾದ ಶಕ್ತಿ ವಿಶ್ರಾಂತಿಯಿಂದ ಮರಳದು. ಇನ್ನೊಂದು ಗಾಯ ಮಾಯಿಸುತ್ತದೆ, ಆದರೆ ಬೆಂಕಿಗೆ ಅಂಜಿಸುತ್ತದೆ. ಗುಣಕ್ಕೊಂದು ದೋಷ. ಆದರೆ ಯಾವ ರಾಶಿಯಲ್ಲಿ ಹುಟ್ಟಬೇಕೆಂಬುದನ್ನು ಆರಿಸುವವನು ಆಡುವವನೇ. ಆರಿಸುವ ಮುನ್ನ ಅದರ ಫಲವೆಲ್ಲ ಎದುರಿಗೆ ಬರೆದಿರುತ್ತದೆ. 2011ರ ‘ಸ್ಕೈರಿಮ್’ಗೆ ಬರುವ ಹೊತ್ತಿಗೆ ಹುಟ್ಟಿನ ರಾಶಿ ಎಂಬುದೇ ಹೋಯಿತು. ಆ ಹದಿಮೂರು ನಕ್ಷತ್ರಗಳ ಹೆಸರಿನ ಕಲ್ಲುಗಳು ಬೆಟ್ಟ-ಬಯಲುಗಳಲ್ಲಿ ನಿಂತಿವೆ. ಬೇಕಾದ ಕಲ್ಲಿನ ಬಳಿಗೆ ನಡೆದುಹೋಗಿ ಮುಟ್ಟಿದರೆ ಆ ನಕ್ಷತ್ರದ ಫಲ. ಸಾಕೆನಿಸಿದರೆ ಇನ್ನೊಂದು ಕಲ್ಲು. ಒಂಬತ್ತೇ ವರ್ಷಗಳಲ್ಲಿ ಆಟ ಕಟ್ಟುವವರು ಹಣೆಬರಹವನ್ನು ಹುಟ್ಟಿನಿಂದ ಬಿಡಿಸಿ ನಡಿಗೆಗೆ ಒಪ್ಪಿಸಿದರು! ಅವರು ಇದನ್ನು ತತ್ತ್ವವೆಂದು ಮಾಡಿರಲಾರರು. ಆಡುವವರಿಗೆ ಅನುಕೂಲವಾಗಲೆಂದು ಮಾಡಿದ್ದಾರು. ಆದರೂ ಪಂಚಾಂಗ ಸಾವಿರದೈನೂರು ವರ್ಷಗಳಲ್ಲಿ ಇಡದ ಹೆಜ್ಜೆಯಿದು.

ಇದಕ್ಕೆ ಎದುರಾದ ಇನ್ನೊಂದು ಬಗೆಯ ಭಾಷಣವೂ ಕೇಳಿಬರುತ್ತಿದೆ: ಆಟಗಳಲ್ಲಿ, ಪಾಶ್ಚಾತ್ಯ ಸಂಗೀತದಲ್ಲಿ ಇರುವುದೆಲ್ಲ ನಮ್ಮದೇ ನಾದಬ್ರಹ್ಮ, ವಿಜ್ಞಾನವೂ ಇದನ್ನು ಒಪ್ಪಿದೆ ಎಂದು. ಸೂರ್ಯನಿಂದ ಓಂಕಾರ ಹೊಮ್ಮುವುದನ್ನು ನಾಸಾ ಧ್ವನಿಮುದ್ರಿಸಿದೆ ಎಂಬ ಸುಳ್ಳು 2020ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬಯಲಿನ ನಿರ್ವಾತದಲ್ಲಿ ಸದ್ದು ಹಾಯದು. ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ತಗ್ಗುತ್ತದೆ; ಆ ಅಳತೆಗಳನ್ನು ಹತ್ತಾರು ಸಾವಿರ ಪಟ್ಟು ಶೀಘ್ರಗೊಳಿಸಿ ಕಿವಿಗೆ ಕೇಳುವಂತೆ ಮಾಡಿದ ಗುಂಯ್‌ಗುಟ್ಟುವಿಕೆ ಮಾತ್ರ ನಿಜ. ಶರಣರು ನಾದವನ್ನು ಅರಸಿದ್ದು ಅಂತರಂಗದಲ್ಲಿ. ಅದಕ್ಕೆ ಸೂರ್ಯನ ಸಾಕ್ಷಿ ಬೇಕಾಗಿರಲಿಲ್ಲ, ನಾಸಾದ ಮುದ್ರೆಯೂ ಬೇಕಾಗಿಲ್ಲ.

ಈಗ ಜಾತಕದ ಕುಜ. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡು ಈ ಐದು ಮನೆಗಳಲ್ಲಿ ಕುಜನಿದ್ದರೆ ದೋಷವೆನ್ನುತ್ತಾರೆ. ಹನ್ನೆರಡು ಮನೆಗಳಲ್ಲಿ ಐದು. ಎಂದರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಈ ದೋಷ ಇದ್ದೇ ತೀರಬೇಕು. ಲಗ್ನದಿಂದ ಮಾತ್ರವಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆನ್ನುವವರ ಲೆಕ್ಕ ಹಿಡಿದರೆ ಅರ್ಧಕ್ಕಿಂತ ಎಷ್ಟೋ ಹೆಚ್ಚು ಮಂದಿ ದೋಷಿಗಳೇ. ಇಷ್ಟು ಜನರ ಸಂಗಾತಿಗಳೆಲ್ಲ ಅಕಾಲದಲ್ಲಿ ಸಾಯುತ್ತಿಲ್ಲವೆಂಬುದು ಎಲ್ಲರಿಗೂ ಕಾಣುವ ಸಂಗತಿ. ಕೆಪ್ಲರನಾಗಿದ್ದರೆ 8 ಕಲೆ ತಪ್ಪಿದ್ದಕ್ಕೆ ಸಿದ್ಧಾಂತವನ್ನೇ ಬಿಡುತ್ತಿದ್ದನು. ಇಲ್ಲಿ ಸಿದ್ಧಾಂತವನ್ನು ಬಿಡದೆ ವಿನಾಯಿತಿಗಳನ್ನು ಸೇರಿಸುತ್ತ ಹೋಗುತ್ತಾರೆ: ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಗುರು ನೋಡಿದರೆ ದೋಷವಿಲ್ಲ, ಇಬ್ಬರಿಗೂ ಇದ್ದರೆ ದೋಷವಿಲ್ಲ. ಉಳಿದವಳನ್ನು ಬಾಳೆಗಿಡಕ್ಕೋ ಕುಂಭಕ್ಕೋ ಮೊದಲು ಮದುವೆ ಮಾಡಿಸಿದರೆ ದೋಷ ಹೋಯಿತು. ದೋಷ ಗಂಡಿಗೂ ಇರಬಹುದೆಂದು ಪುಸ್ತಕ ಹೇಳುತ್ತದೆ. ಆದರೆ ವರ್ಷಗಟ್ಟಲೆ ಬಂದವರ ಮುಂದೆ ಕುಳಿತು, ಒಪ್ಪಿಗೆಯಾಗಿ, ಆಮೇಲೆ ‘ಜಾತಕ ಕೂಡಲಿಲ್ಲ’ ಎಂಬ ಒಂದೇ ಮಾತಿಗೆ ತಟ್ಟೆಯ ತಾಂಬೂಲ ಹಿಂದೆ ಹೋದುದನ್ನು ಕಂಡವಳು ಹೆಣ್ಣು. ಅವಳು ಆ ಮನೆಯನ್ನು ಆರಿಸಲಿಲ್ಲ. ಫಲವನ್ನು ಮೊದಲೇ ಓದಲಿಲ್ಲ. ಇನ್ನೊಂದು ಕಲ್ಲಿನ ಬಳಿಗೆ ನಡೆದುಹೋಗುವ ದಾರಿಯನ್ನೂ ಅವಳಿಗೆ ಯಾರೂ ಬಿಟ್ಟಿಲ್ಲ.

ಲಗ್ನ ಕೇಳಬಂದವರಿಗೆ, ತಾರಾಬಲ ಕೇಳಬಂದವರಿಗೆ ಬಸವಣ್ಣನವರು ಕೊಟ್ಟ ಉತ್ತರ ಸದ್ಭಕ್ತರಿಗೆಲ್ಲ ಬಾಯಿಪಾಠ. ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಬಾಯಿಪಾಠವಾಗಿ ಉಳಿದಿರುವುದೇ ತೊಡಕು. ಆ ವಚನವನ್ನು ಮದುವೆಯ ಮಂಟಪದಲ್ಲಿ ರಾಗವಾಗಿ ಹಾಡಿಸುತ್ತಾರೆ. ಹಾಡು ಮುಗಿಯುತ್ತಿದ್ದಂತೆ ಯಾರೋ ಹಿರಿಯರು ಕೈಗಡಿಯಾರ ನೋಡಿ, ಮುಹೂರ್ತ ಮೀರುತ್ತಿದೆ, ಬೇಗ ಬೇಗ ಎನ್ನುತ್ತಾರೆ.

ಪಡಸಾಲೆಯಲ್ಲಿ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ಅವನ ಯೋಧ ಬೆಟ್ಟವಿಳಿದು, ಹಳೆಯ ನಕ್ಷತ್ರವನ್ನು ಬಿಟ್ಟು, ಹೊಸ ಕಲ್ಲನ್ನು ಮುಟ್ಟುತ್ತಾನೆ. ಅದನ್ನು ಆರಿಸಿ ಓದಿಕೋ ಎಂದು ಗದರಿಸಿದ ಅಜ್ಜ ಜೇಬಿನಿಂದ ಕಾಗದ ತೆಗೆದು ಬಿಡಿಸುತ್ತಾರೆ. ಅದೂ ಕಂಪ್ಯೂಟರಿನಲ್ಲಿಯೇ ಅಚ್ಚು ಮಾಡಿಸಿದ್ದು. ಅದರಲ್ಲಿ ಆ ಹುಡುಗಿಯ ಕುಜ ಏಳನೆಯ ಮನೆಯಲ್ಲಿಯೇ ಇದ್ದಾನೆ.